ಎರಡೂ ಕಡೆ ಉಣ್ಣುವ ಚಿಪ್

ಸರತಿ ನಿರ್ದೇಶನಾಲಯಕ್ಕೆ ಹೊಸದಾಗಿ ಬಂದ ಟೋಕನ್ ಯಂತ್ರದೊಳಗಿನ ಮುಖ್ಯ ಚಿಪ್, ಉದ್ಘಾಟನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ, ಕರ್ತವ್ಯದಲ್ಲಿರುವಾಗಲೇ ನಿಧನ ಹೊಂದಿತು. ಅದರ ಒಟ್ಟು ಸೇವಾವಧಿ ನಾಲ್ಕು ನಿಮಿಷ. ಸಿಬ್ಬಂದಿಯೆಲ್ಲ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರು. ತನ್ನ ಸೇವೆಯ ಕಾಲುಭಾಗದಷ್ಟು ಮೌನ ಗಳಿಸಿದ ನೌಕರ ಆ ಇಲಾಖೆಯ ಇತಿಹಾಸದಲ್ಲಿ ಬೇರೆ ಯಾರೂ ಇಲ್ಲ.

ಸರತಿ ನಿರ್ದೇಶನಾಲಯ ಏನು ಮಾಡುತ್ತದೆ ಎಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೇರೆ ಯಾವುದೇ ಕಚೇರಿಯಲ್ಲಿ ಸಾಲಿನಲ್ಲಿ ನಿಲ್ಲಬೇಕಾದರೂ ಜನ ಮೊದಲು ಇಲ್ಲಿಗೆ ಬಂದು, ಸಾಲಿನಲ್ಲಿ ನಿಂತು, ಅಲ್ಲಿ ಸಾಲಿನಲ್ಲಿ ನಿಲ್ಲಬಹುದೆಂಬ ಅನುಮತಿ ಪಡೆಯಬೇಕು. ಹಿಂದೆಲ್ಲ ಜನ ಅನುಮತಿಯಿಲ್ಲದೆ ಎಲ್ಲೆಂದರಲ್ಲಿ ಸಾಲು ನಿಂತುಬಿಡುತ್ತಿದ್ದರು, ಕೆಲಸಗಳೂ ಹೇಳದೆ ಕೇಳದೆ ಮುಗಿದುಹೋಗುತ್ತಿದ್ದವು. ಆ ಅರಾಜಕತೆಯನ್ನು ತಡೆಯಲೆಂದೇ ಇಲಾಖೆ ಹುಟ್ಟಿದ್ದು.

ಸಭಾಂಗಣದ ಗೋಡೆಯ ಮೇಲೆ ಇಪ್ಪತ್ತಾರು ವರ್ಷದಿಂದ ಒಂದು ದೊಡ್ಡ ಫಲಕವಿದೆ. ಅದರಲ್ಲಿ ಕೆಂಪು ಅಂಕಿಗಳು ಉರಿಯುತ್ತವೆ. ಹೊಸ ಯಂತ್ರ ಒಂದೊಂದು ಟೋಕನ್ ಮುದ್ರಿಸಿದಾಗಲೂ, ಆ ಹೊತ್ತಿಗೆ ಸರದಿ ಬಂದಿರುವ ನಂಬರನ್ನು ಫಲಕಕ್ಕೆ ಹೇಳಬೇಕು. ಫಲಕ ಅದನ್ನು ಉರಿಸಿ, 'ತೋರಿಸಿದ್ದೇನೆ' ಎಂದು ತಿರುಗಿ ಹೇಳಬೇಕು. ಆಮೇಲಷ್ಟೇ ಯಂತ್ರ ಮುಂದಿನ ಟೋಕನ್ ಕೊಡುವುದು. ಇಷ್ಟು ಮಾತುಕತೆಗೆ ಎರಡು ತಂತಿ ಸಾಕು ಎಂದುಕೊಂಡು ಯಾರೋ ಎರಡು ತಂತಿ ಎಳೆದಿದ್ದರು.

ಸಾವಿನ ಕಾರಣ ಪತ್ತೆಮಾಡಲು ಕೇಂದ್ರ ಕಾರ್ಯಾಗಾರದಿಂದ ಚಿಪ್ಪು ತಂತಿಗಳನ್ನು ಬೆಸೆಯುವ ಒಬ್ಬ ಬೆಸುಗೆಗಾರನನ್ನು ಮೂರು ದಿನದ ಮಟ್ಟಿಗೆ ಕಳಿಸಿದರು. ಅವನಿಗೆ ಮದುವೆಯಾಗಿ ಹನ್ನೊಂದು ದಿನವಾಗಿತ್ತು. ಬೇರೆ ಊರಿನಲ್ಲಿ, ಹನ್ನೊಂದು ಜನರ ಮನೆಯಲ್ಲಿ, ಹೊಸ ಹೆಂಡತಿಯ ಜೊತೆ ಅವನು ಇನ್ನೂ ನೆಟ್ಟಗೆ ಒಂದು ಗಂಟೆ ಒಂಟಿಯಾಗಿ ಕೂತು ಮಾತಾಡಿರಲಿಲ್ಲ. ಅವಳು ದರ್ಜಿ. ಹೊರಡುವಾಗ ಅವನ ಎರಡು ಅಂಗಿಗಳ ಗುಂಡಿಯನ್ನೂ ಬಿಗಿಯಾಗಿ ಹೊಲಿದು ಕೊಟ್ಟು, "ಮೂರೇ ದಿನ ಅಲ್ವೇನ್ರೀ? ಇದು ತಡ್ಕೊಳ್ಳುತ್ತೆ," ಎಂದಿದ್ದಳು. ಬೇಗ ಕೆಲಸ ಮುಗಿಸಿ ಅವಳ ಬಳಿ ಹೋಗಬೇಕು. ಬೆಸುಗೆಗಾರನ ತಲೆಯಲ್ಲಿ ಇದ್ದದ್ದು ಅದೊಂದೇ.

ಅವನು ಯಂತ್ರ ಬಿಚ್ಚಿದ, ಮೂಸಿ ನೋಡಿದ, ಮೀಟರ್ ಹಿಡಿದ. ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಯಿತು. ಹಳೆಯ ಚಿಪ್ ಕಿತ್ತು ಹೊಸದನ್ನು ಕೂರಿಸಿ, ಎರಡು ತಂತಿಯನ್ನೂ ಕತ್ತರಿಸಿ, ನಿರ್ದೇಶಕರ ಎದುರು ಹೋಗಿ ನಿಂತ.

"ಸಾರ್, ಆ ಫಲಕ ಐದು ವೋಲ್ಟಿನದು. ಯಂತ್ರದ ಚಿಪ್ ಮೂರು ಪಾಯಿಂಟ್ ಮೂರು ವೋಲ್ಟಿನದು. ಎರಡನ್ನೂ ನೇರವಾಗಿ ಸೇರಿಸಿಬಿಟ್ಟಿದ್ದಾರೆ."

"ಸೇರಿಸೋಕೆ ಅಂತಲೇ ಅಲ್ವೇನಪ್ಪಾ ತಂದದ್ದು?"

"ಫಲಕ 'ಹೌದು' ಅನ್ಬೇಕಾದ್ರೆ ಐದು ವೋಲ್ಟ್ ಕಳಿಸುತ್ತೆ ಸಾರ್. ಈ ಚಿಪ್ಪಿಗೆ ಅಷ್ಟು ತಡ್ಕೊಳ್ಳೋ ಶಕ್ತಿ ಇಲ್ಲ. ಸುಟ್ಟುಹೋಯ್ತು."

"ಹೌದು ಅಂದಿದ್ದಕ್ಕೇ ಸತ್ತುಹೋಯ್ತಾ?"

"ಹೂಂ ಸಾರ್."

"ಇಲ್ಲ ಅಂದಿದ್ರೆ?"

"ಇಲ್ಲ ಅನ್ನೋದು ಸೊನ್ನೆ ವೋಲ್ಟ್ ಸಾರ್. ಏನೂ ಆಗ್ತಿರಲಿಲ್ಲ."

ನಿರ್ದೇಶಕರು ಕುರ್ಚಿಗೆ ಒರಗಿದರು. "ಅದಕ್ಕೇ ನೋಡಿ, ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ನಾನು ಯಾರಿಗೂ ಹೌದು ಅಂದಿಲ್ಲ," ಎಂದರು.

ಬೆಸುಗೆಗಾರ ಇನ್ನೊಂದು ಕಡೆಯ ತೊಂದರೆಯನ್ನೂ ಹೇಳಿದ. ಮೂರೂವರೆ ವೋಲ್ಟಿಗಿಂತ ಕಡಿಮೆ ಇದ್ದರೆ ಆ ಫಲಕ ಅದನ್ನು ಮಾತೆಂದೇ ಲೆಕ್ಕಕ್ಕಿಡುವುದಿಲ್ಲ. ಪಾಪ, ಯಂತ್ರ ಕೂಗುವುದು ಮೂರು ಪಾಯಿಂಟ್ ಮೂರರಲ್ಲಿ. ಕೋಣನ ಮುಂದೆ ಕಿನ್ನರಿ. ಹತ್ತಾರು ಸಲ ಕೂಗಿದರೆ ಅದೃಷ್ಟವಿದ್ದು ಒಂದು ಸಲ ಕೇಳಿಸಬಹುದು. ಉದ್ಘಾಟನೆಯ ದಿನ ನಾಲ್ಕು ನಿಮಿಷ ಬಿಡದೆ ಕೂಗಿದ ಮೇಲೆ ಫಲಕಕ್ಕೆ ಒಮ್ಮೆ ಕೇಳಿಸಿತು. ಅದು 'ಹೌದು' ಎಂದಿತು. ಅಷ್ಟೇ.

"ಅಂದ್ರೆ ಕೆಳಗಿನವರು ಹೇಳಿದ್ದು ಮೇಲಿನವರಿಗೆ ಕೇಳಿಸೋದಿಲ್ಲ. ಮೇಲಿನವರು ಬಾಯಿ ಬಿಟ್ರೆ ಕೆಳಗಿನವರು ಸುಟ್ಟುಹೋಗ್ತಾರೆ," ಎಂದರು ನಿರ್ದೇಶಕರು.

"ಹೌದು ಸಾರ್."

"ಸರಿ. ಇದರಲ್ಲಿ ಕೆಟ್ಟಿರೋದು ಯಾವುದು?"

ಬೆಸುಗೆಗಾರ ತಲೆ ಕೆರೆದುಕೊಂಡು, ಎರಡರ ನಡುವೆ ಒಂದು ಪುಟ್ಟ ಚಿಪ್ ಹಾಕಿದರೆ ಸಾಕು ಎಂದ. ಆ ಕಡೆ ಐದು, ಈ ಕಡೆ ಮೂರು ಪಾಯಿಂಟ್ ಮೂರು. ಆಚೆಯವರ ಮಾತನ್ನು ಈಚೆಯವರಿಗೆ ತಾಳುವಷ್ಟು ತಗ್ಗಿಸಿ, ಈಚೆಯವರ ಮಾತನ್ನು ಆಚೆಯವರಿಗೆ ಕೇಳುವಷ್ಟು ಏರಿಸಿ ದಾಟಿಸುತ್ತದೆ. ಹೆಸರುಕಾಳಿನಷ್ಟು ಗಾತ್ರ, ಒಂದು ಕಪ್ ಚಹಾಕ್ಕಿಂತ ಕಡಿಮೆ ಬೆಲೆ. ಅಂಗಡಿ ಇಲ್ಲೇ ಎದುರು ರಸ್ತೆಯಲ್ಲಿದೆ.

ನಿರ್ದೇಶಕರು ಕಡತದ ಮೇಲೆ 'ಸೂಕ್ತ ಕ್ರಮಕ್ಕಾಗಿ' ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು. 'ಎರಡೂ ಯಂತ್ರಗಳು ಪರಸ್ಪರ ಮಾತಾಡಿವೆ ಎಂಬ ಪ್ರಮಾಣಪತ್ರ ಸಲ್ಲಿಕೆಯಾಗುವವರೆಗೆ ಸದರಿ ಬೆಸುಗೆಗಾರನನ್ನು ಊರಿಗೆ ಬಿಡತಕ್ಕದ್ದಲ್ಲ.'

ಕಡತ ಸ್ಟೋರ್ ಮೇಡಂ ಅವರ ಮೇಜಿಗೆ ಬಂತು. ಇಲಾಖೆಯೊಳಗೆ ಒಂದು ಗುಂಡುಸೂಜಿ ಬರಬೇಕಾದರೂ ತಂತಿಬಲೆಯ ಹಿಂದೆ ಕೂತ ಈ ಮೇಡಂ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಉಪಕರಣಗಳ ಜ್ಯೇಷ್ಠತಾ ನಿಯಮ ಏಳರ ಪ್ರಕಾರ ಅಲ್ಲಿನ ಪ್ರತಿಯೊಂದು ವಸ್ತುವಿಗೂ ಅದು ಕುಡಿಯುವ ವೋಲ್ಟಿಗೆ ತಕ್ಕ ದರ್ಜೆ ಇತ್ತು. ಇನ್ನೂರ ಮೂವತ್ತು ವೋಲ್ಟಿನ ಚಹಾ ಕೆಟಲ್ ಎಲ್ಲರಿಗಿಂತ ಹಿರಿಯ, ಅದು ಸಭೆಗೆ ಬಂದಾಗ ಸಿಬ್ಬಂದಿ ಎದ್ದು ನಿಲ್ಲುತ್ತಿದ್ದರು. ಐದು ವೋಲ್ಟಿನ ಫಲಕ ಮಧ್ಯಮ ದರ್ಜೆ. ಮೂರು ಪಾಯಿಂಟ್ ಮೂರಿನ ಟೋಕನ್ ಯಂತ್ರ ತಾತ್ಕಾಲಿಕ ನೌಕರ.

"ನೀನು ಕೇಳ್ತಿರೋ ಈ ಚಿಪ್ಪಿಗೆ ಸಪ್ಲೈ ಎಲ್ಲಿಂದ?" ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಅದಕ್ಕೆ ಎಂಟು ಕಾಲು ಇರುತ್ತೆ ಮೇಡಂ. ಒಂದು ಕಾಲಿಗೆ ಐದು ವೋಲ್ಟ್ ಕೊಡ್ಬೇಕು, ಇನ್ನೊಂದು ಕಾಲಿಗೆ ಮೂರು ಪಾಯಿಂಟ್ ಮೂರು."

ಮೇಡಂ ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. "ಎರಡೂ ಕಡೆಯಿಂದ ತಗೊಳ್ಳುತ್ತಾ?"

"ಎರಡೂ ಕಡೆ ತಗೊಂಡ್ರೇ ಮೇಡಂ ಕೆಲಸ ಆಗೋದು."

"ಇಲ್ಲಿ ಎಲ್ಲರೂ ಹಾಗೇ ಹೇಳ್ತಾರೆ," ಎಂದರು ಮೇಡಂ.

ಏಕಕಾಲಕ್ಕೆ ಎರಡು ಮೂಲದಿಂದ ಪಡೆಯುವುದು ನಡತೆ ನಿಯಮ ಹತ್ತೊಂಬತ್ತರಂತೆ ಗಂಭೀರ ದುರ್ನಡತೆ. ಮೇಡಂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರಿಗೆ ಇಲಾಖೆಯ ಎರಡು ವಸತಿಗೃಹಗಳಿದ್ದವು ನಿಜ. ಆದರೆ ಒಂದರಲ್ಲಿ ಅವರಿದ್ದರು, ಇನ್ನೊಂದರಲ್ಲಿ ಅವರ ಹಳೆಯ ಸೋಫಾ ಒಂಟಿಯಾಗಿ ವಾಸವಾಗಿತ್ತು. ಒಬ್ಬರೇ ಎರಡೂ ಕಡೆ ಇದ್ದಾರೆಂದು ಯಾರೂ ಹೇಳುವಂತಿರಲಿಲ್ಲ. ಚಿಪ್ಪಿನ ಸಂಗತಿ ಹಾಗಲ್ಲ. ಅದು ಹಾಡಹಗಲೇ, ಒಂದೇ ಮೈಯಲ್ಲಿ, ಎರಡು ಬಾಯಿಂದ ಉಣ್ಣುತ್ತಿತ್ತು. ಇನ್ನೂ ಕೊಂಡಿರದ ಆ ಚಿಪ್ಪಿಗೆ ಕಾರಣ ಕೇಳಿ ನೋಟಿಸ್ ಹೊರಟಿತು. ಉತ್ತರಕ್ಕೆ ಹದಿನೈದು ದಿನದ ಗಡುವು.

ಬೆಸುಗೆಗಾರ ಅಂಗಡಿಗೆ ಹೋಗಿ ನೋಟಿಸನ್ನು ಚಿಪ್ಪಿನ ಡಬ್ಬಿಯ ಮೇಲೆ ಅಂಟಿಸಿ ಬರಬೇಕಾಯಿತು. ಅಂಗಡಿಯವನು ಸ್ವೀಕೃತಿಗೆ ಸಹಿ ಹಾಕಿದ. ಹಿಂದೊಮ್ಮೆ ಒಂದು ಬಲ್ಬಿನ ಪರವಾಗಿಯೂ ಅವನು ಸಹಿ ಹಾಕಿದ್ದನಂತೆ.

ಹದಿನೆಂಟನೆಯ ದಿನ ಹೆಂಡತಿಯ ಫೋನ್ ಬಂತು. ಹಿಂದೆ ಹೊಲಿಗೆ ಯಂತ್ರದ ಸದ್ದು ಕಟಕಟ ಕೇಳುತ್ತಿತ್ತು.

"ಮೂರು ದಿನ ಅಂದಿದ್ರಿ."

"ಚಿಪ್ಪಿಗೆ ನೋಟಿಸ್ ಕೊಟ್ಟಿದ್ದಾರೆ ಕಣೇ. ಅದು ಉತ್ತರ ಕೊಡೋವರೆಗೆ ಕಾಯ್ಬೇಕು."

"ಚಿಪ್ಪು ಉತ್ತರ ಕೊಡುತ್ತಾ?"

"ಇಲ್ಲ."

"ನಿಮ್ಮ ದೊಡ್ಡಮ್ಮ ದಿನಾ ಕೇಳ್ತಾರೆ, ನಿನ್ನ ಗಂಡ ಓಡಿಹೋದನಾ ಅಂತ. ಏನ್ ಹೇಳ್ಲಿ?"

"ಡ್ಯೂಟಿ ಮೇಲಿದ್ದಾರೆ ಅನ್ನು."

"ಅಂದೆ. ನಿಮ್ಮ ದೊಡ್ಡಪ್ಪನೂ ಹಾಗೇ ಹೇಳಿ ಹೋಗಿದ್ದಂತೆ." ಹೊಲಿಗೆ ಯಂತ್ರ ನಿಂತಿತು. "ರೀ, ನಿಮ್ಮ ಮುಖ ಮರೆತುಹೋಗ್ತಿದೆ. ಮೊನ್ನೆ ಅಂಗಿ ಅಳತೆ ಕೊಡೋಕೆ ಬಂದೋರನ್ನ ನೀವೇ ಅಂದ್ಕೊಂಡೆ."

ಮರುದಿನವೇ ಬೆಸುಗೆಗಾರ ಬೇರೆ ದಾರಿ ಹುಡುಕಿದ. ತನ್ನ ಪೆಟ್ಟಿಗೆಯಿಂದಲೇ ಎರಡು ರೆಸಿಸ್ಟರ್ ತೆಗೆದು, ಫಲಕದಿಂದ ಬರುವ ತಂತಿಗೆ ಹಾಕಿದ. ಅಕ್ಕಿಕಾಳಿನಷ್ಟಿರುವ ಈ ರೆಸಿಸ್ಟರುಗಳಿಗೆ ಸಪ್ಲೈ ಬೇಡ, ಅನ್ನ ಬೇಡ, ನೀರು ಬೇಡ. ಐದು ವೋಲ್ಟ್ ಒಳಹೊಕ್ಕರೆ ಮೂರು ಪಾಯಿಂಟ್ ಮೂರು ಹೊರಬರುತ್ತದೆ. ಕೊನೇಪಕ್ಷ ಚಿಪ್ ಸಾಯುವುದು ತಪ್ಪುತ್ತದೆ.

ಸ್ಟೋರ್ ಮೇಡಂ ಬಂದು ಬಗ್ಗಿ ನೋಡಿದರು. "ಐದು ಒಳಗೆ ಹೋಯ್ತು, ಮೂರು ಪಾಯಿಂಟ್ ಮೂರು ಹೊರಗೆ ಬಂತು. ಉಳಿದ ಒಂದು ಪಾಯಿಂಟ್ ಏಳು ಎಲ್ಲಿ?"

"ದಾರಿಯಲ್ಲೇ ಬಿಸಿಯಾಗಿ ಕರಗಿಹೋಗುತ್ತೆ ಮೇಡಂ."

"ದಾರಿಯಲ್ಲಿ ಕರಗುತ್ತೆ ಅನ್ನೋದು ನಂಗೂ ಗೊತ್ತಪ್ಪಾ. ಯಾರ ಕೈಯಲ್ಲಿ ಕರಗುತ್ತೆ ಅನ್ನೋದು ಪ್ರಶ್ನೆ."

ಮೇಡಂ ತಮ್ಮ ತೋರುಬೆರಳನ್ನು ರೆಸಿಸ್ಟರಿನ ಮೇಲೆ ಹತ್ತು ನಿಮಿಷ ಇಟ್ಟುಕೊಂಡು ನಿಂತರು. ಬೆರಳಿಗೆ ಬಿಸಿ ಹತ್ತಲಿಲ್ಲ. ವರದಿಯಲ್ಲಿ 'ಬಿಸಿ ಕಂಡುಬಂದಿಲ್ಲ, ಸೋರಿಕೆಯ ಶಂಕೆಯಿದೆ' ಎಂದು ಬರೆದು, ಎರಡೂ ರೆಸಿಸ್ಟರುಗಳನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಸರ್ಕಾರದ ಮಾತಿಗೆ ಅಡ್ಡಿಪಡಿಸಿದ ಆರೋಪವೂ ಅವುಗಳ ಮೇಲೆ ಬಿತ್ತು. ಅವು ಈಗಲೂ ಕಬ್ಬಿಣದ ಬೀರುವಿನಲ್ಲಿವೆ.

ಇತ್ತ ಸಭಾಂಗಣದಲ್ಲಿ ಜನ ತುಂಬಿಕೊಂಡಿದ್ದರು. ಯಂತ್ರ ಒಂದನೇ ನಂಬರಿನ ಟೋಕನ್ ಕೊಟ್ಟು, ಫಲಕದ ಉತ್ತರಕ್ಕೆ ಕಾಯುತ್ತ ನಿಂತುಬಿಟ್ಟಿತ್ತು. ಆ ಟೋಕನ್ ಸಿಕ್ಕ ಮುದುಕರು ಮೂರು ವಾರದಿಂದ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಒಂದನೇ ನಂಬರಿನವರೆಂದು ಅವರಿಗೆ ಬೀದಿಯಲ್ಲೆಲ್ಲ ಮರ್ಯಾದೆ ಹೆಚ್ಚಾಗಿತ್ತು. ಒಂದೆರಡು ಮದುವೆಗಳಿಗೂ ಅವರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು.

ಕೊನೆಗೆ ಉಪಾಯ ಕಂಡುಹಿಡಿದವರು ನಿರ್ದೇಶಕರೇ. ಬೇರೆ ಬೇರೆ ದರ್ಜೆಯವರ ನಡುವಿನ ಮಾತನ್ನು ಒಬ್ಬ ಜೀವಂತ ಸಂದೇಶವಾಹಕನ ಮೂಲಕ ಕಳಿಸತಕ್ಕದ್ದು ಎಂದು ಹಳೆಯ ಸುತ್ತೋಲೆಯೊಂದರಲ್ಲಿ ಇತ್ತು. ಮನುಷ್ಯನಿಗೆ ವೋಲ್ಟ್ ಇಲ್ಲ. ಅವನು ಎರಡು ಕಡೆ ಸಪ್ಲೈ ಪಡೆಯುವ ಪ್ರಶ್ನೆಯೇ ಏಳುವುದಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡ ಹಾಗಾಯಿತು. ಆದರೆ ಕೊಡಲಿ ರಿಜಿಸ್ಟರಿನಲ್ಲಿತ್ತು, ಉಗುರು ಇರಲಿಲ್ಲ.

ಬೆಸುಗೆಗಾರನನ್ನೇ ನಡುವೆ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಯಂತ್ರ ಮಾತಾಡಿದರೆ ಅವನ ಎದುರು ಒಂದು ಪುಟ್ಟ ಹಸಿರು ದೀಪ ಮಿನುಗುತ್ತದೆ. ಅವನು ಬಲಗೈಯಿಂದ ಸ್ವಿಚ್ ಒತ್ತಿದರೆ ಫಲಕಕ್ಕೆ ಐದು ವೋಲ್ಟ್ ಹೋಗುತ್ತದೆ. ಫಲಕ ಉತ್ತರ ಕೊಟ್ಟರೆ ಕೆಂಪು ದೀಪ. ಅದಕ್ಕೆ ಅವನು ಎಡಗೈಯಿಂದ ಇನ್ನೊಂದು ಸ್ವಿಚ್ ಒತ್ತಿ ಯಂತ್ರಕ್ಕೆ ತಿಳಿಸುತ್ತಾನೆ. ಮೊದಲ ದಿನವೇ ನಾನೂರ ಹನ್ನೆರಡು ಟೋಕನ್ ಹೊರಬಂದವು. ಒಂದನೇ ನಂಬರಿನ ಮುದುಕರು ಅನುಮತಿ ಪಡೆದು, ಇನ್ನು ತಮ್ಮನ್ನು ಯಾರು ಕೇಳುತ್ತಾರೆಂದು ಕಣ್ಣೀರು ಹಾಕುತ್ತ ಮನೆಗೆ ಹೋದರು. ಬೆಸುಗೆಗಾರ ಸಂಭ್ರಮದಿಂದ ಪ್ರಮಾಣಪತ್ರ ಬರೆದುಕೊಂಡು ನಿರ್ದೇಶಕರ ಬಳಿಗೆ ಓಡಿದ.

ಮೇಜಿನ ಮೇಲೆ ಅವನಿಗಾಗಿ ಆದೇಶವೊಂದು ಕಾಯುತ್ತಿತ್ತು. 'ಸದರಿ ನೌಕರನು ಒಂದೇ ಮೈಯಲ್ಲಿ ಮೇಲಿನ ದರ್ಜೆಯ ಕೆಲಸವನ್ನೂ ಕೆಳಗಿನ ದರ್ಜೆಯ ಕೆಲಸವನ್ನೂ ಮಾಡಿರುವುದು ಸಿಸಿಟಿವಿಯಲ್ಲಿ ಕಂಡುಬಂದಿದೆ. ವಿಚಾರಣೆ ಮುಗಿಯುವವರೆಗೆ ಆತನ ಎಡಗೈಯನ್ನು ಅಮಾನತಿನಲ್ಲಿಡಲಾಗಿದೆ. ಅಮಾನತಿನ ಅವಧಿಯಲ್ಲಿ ಎಡಗೈ ಕೇಂದ್ರಸ್ಥಾನ ಬಿಟ್ಟು ತೆರಳತಕ್ಕದ್ದಲ್ಲ.'

ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಬೆಸುಗೆಗಾರ ಸ್ಟೂಲಿನ ಮೇಲೆ ಕೂತ. ಮಾತು ಮೇಲಕ್ಕೆ ಹೋಗುತ್ತಿತ್ತು, ಕೆಳಕ್ಕೆ ಬರುತ್ತಿರಲಿಲ್ಲ. ಯಂತ್ರ ಮತ್ತೆ ಒಂದು ಟೋಕನ್ ಕೊಟ್ಟು ನಿಂತಿತು. ಕೆಳಮುಖ ಸಂದೇಶಕ್ಕೆ ಇನ್ನೊಂದು ಹುದ್ದೆ ಸೃಷ್ಟಿಯಾಗಬೇಕು, ಅದಕ್ಕೆ ಯೋಗ್ಯರು ಸಿಗಬೇಕು. ಇದು ಮುಗಿಯುವ ಕಥೆಯಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಅವನು ಅತ್ತದ್ದು ಅವತ್ತೇ. ಕಣ್ಣೊರೆಸಿಕೊಂಡು ಬಲಗೈಯಲ್ಲಿ ಅರ್ಜಿ ಬರೆದ. 'ಮದುವೆಯಾದ ಹೊಸದರಲ್ಲೇ ಅಗಲಿಕೆಯ ದುಃಖ ತಾಳಲಾಗುತ್ತಿಲ್ಲ. ನನ್ನ ಹೆಂಡತಿಯ ಜೊತೆ ಇರಲು ದಯವಿಟ್ಟು ಅವಕಾಶ ಮಾಡಿಕೊಡಬೇಕು.'

ಅರ್ಜಿ ನಿರ್ದೇಶಕರ ಮೇಜು ತಲುಪಿದ ದಿನವೇ ಹೆಂಡತಿ ಬಸ್ಸಿಳಿದು ಸೀದಾ ಸಭಾಂಗಣಕ್ಕೆ ಬಂದಳು. ಹೆಗಲಿಗೆ ಚೀಲ, ಕೊರಳಲ್ಲಿ ಅಳತೆಯ ಟೇಪು. ಸ್ಟೂಲಿನ ಮೇಲೆ ಒಂದು ಕೈ ಜೇಬಿನಲ್ಲಿಟ್ಟು ಕೂತ ಗಂಡನನ್ನು ನೋಡಿದಳು.

"ಕೈಗೆ ಏನಾಯ್ತ್ರೀ?"

"ಸಸ್ಪೆಂಡ್ ಆಗಿದೆ."

"ತೆಗೀರಿ ಆಚೆ. ನಡೀರಿ ಊರಿಗೆ."

"ಬಿಡಲ್ಲ ಕಣೇ ಅವರು."

"ಯಾರು ಅವರು? ನಾನು ಕೇಳ್ತೀನಿ," ಎಂದು ಅವಳು ಗಂಡನ ಮೊಣಕೈ ಹಿಡಿದು, ಯಾವ ಟೋಕನನ್ನೂ ತೆಗೆದುಕೊಳ್ಳದೆ, ನಿರ್ದೇಶಕರ ಕೋಣೆಗೆ ನುಗ್ಗಿದಳು. ಆ ಕೋಣೆಗೆ ಟೋಕನ್ ಇಲ್ಲದೆ ಹೊಕ್ಕ ಮೊದಲ ಪ್ರಜೆ ಅವಳು. ನಿರ್ದೇಶಕರು ಏನು ಮಾಡಬೇಕೆಂದು ತೋಚದೆ ಎದ್ದು ನಿಂತರು. ಕೆಟಲನ್ನು ಬಿಟ್ಟರೆ ಅವರು ಯಾರಿಗೂ ಎದ್ದು ನಿಂತವರಲ್ಲ.

"ಮದುವೆಯಾದ ಗಂಡಸನ್ನ ಹೀಗೆ ಬಲ್ಬಿನ ಮುಂದೆ ಕೂರಿಸಿಕೊಂಡಿದ್ದೀರಲ್ಲ, ನಿಮಗೂ ಮನೆ ಮಠ ಇಲ್ವಾ? ಅವರಿಗೆ ಹೆಂಡತಿ ಜೊತೆ ಇರ್ಬೇಕು ಅನ್ನೋ ಆಸೆ ಇರಲ್ವಾ?"

"ಇದೆಯಮ್ಮಾ. ಅರ್ಜಿಯಲ್ಲೂ ಅದನ್ನೇ ಬರೆದಿದ್ದಾರೆ." ನಿರ್ದೇಶಕರು ಅರ್ಜಿಯನ್ನು ನೋಡಿದರು. ಅವಳನ್ನು ನೋಡಿದರು. ಮತ್ತೆ ಅರ್ಜಿಯನ್ನು ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು. "ಹೆಂಡತಿ ಜೊತೆ ಇರಲು ಅವಕಾಶ ಕೊಡಿ ಅಂತ ಕೇಳಿದ್ದಾರೆ. ಎಲ್ಲಿ ಅಂತ ಕೇಳಿಲ್ಲ."

ಹತ್ತು ನಿಮಿಷದಲ್ಲಿ ಆದೇಶ ಸಿದ್ಧವಾಯಿತು. ಸೂಜಿಯ ಕಣ್ಣನ್ನು ದಿನವಿಡೀ ನೋಡುವ ದರ್ಜಿಗೆ ಕೆಂಪು ದೀಪ ನೋಡುವ ಅರ್ಹತೆ ತಾನಾಗಿಯೇ ಇದೆಯೆಂದು ಅದರಲ್ಲಿ ಬರೆದಿತ್ತು. ಕೆಳಮುಖ ಸಂದೇಶವಾಹಕಿಯ ಹುದ್ದೆ, ಖಾಯಂ. ಪತಿ ಪತ್ನಿಯರನ್ನು ಒಂದೇ ಕಡೆ ನೇಮಿಸುವ ನಿಯಮದಡಿ ಅರ್ಜಿದಾರರ ಬೇಡಿಕೆ ಪೂರ್ಣವಾಗಿ ಈಡೇರಿದೆ.

ಹೆಂಡತಿ ಅದನ್ನು ಎರಡು ಸಲ ಓದಿದಳು. ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ಈಗ ಇವಳು ಇದನ್ನು ಹರಿದು ಬಿಸಾಡುತ್ತಾಳೆ ಎಂದುಕೊಂಡ.

"ಮನೆ ಕೊಡ್ತೀರಾ?" ಎಂದಳು ಅವಳು.

"ಸದ್ಯಕ್ಕೆ ಒಂದೂ ಖಾಲಿ ಇಲ್ಲಮ್ಮಾ. ಒಂದರಲ್ಲಿ ಸೋಫಾ ಇದೆ."

"ಸೋಫಾ ನಮ್ಮ ಜೊತೆಗೇ ಇರ್ಲಿ ಬಿಡಿ. ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ?"

ಇದೆ ಎಂದು ಸ್ಟೋರ್ ಮೇಡಂ ರಿಜಿಸ್ಟರ್ ನೋಡಿ ದೃಢಪಡಿಸಿದರು. ಹೆಂಡತಿ ಸಹಿ ಹಾಕಿದಳು. ಬೆಸುಗೆಗಾರ ಕಿವಿಯವರೆಗೆ ಕೆಂಪಾದ.

ಇಬ್ಬರು ವಾಹಕರು ಕೂಡಿ ಸಂಚು ಮಾಡಬಾರದೆಂದು ಸ್ಟೂಲುಗಳ ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿದರು. ಈಚೆ ಅವನು, ಹಸಿರು ದೀಪ. ಆಚೆ ಅವಳು, ಕೆಂಪು ದೀಪ, ಪಕ್ಕದಲ್ಲಿ ಊರಿಂದ ತರಿಸಿಕೊಂಡ ಹೊಲಿಗೆ ಯಂತ್ರ. ಅವಳು ನೋಡುವ ದೀಪ ಐದು ವೋಲ್ಟಿನದಾದ್ದರಿಂದ ಅವಳ ದರ್ಜೆ ಗಂಡನಿಗಿಂತ ಮೇಲಾಯಿತು. ಕಚೇರಿಯ ವೇಳೆಯಲ್ಲಿ ಅವನು ಅವಳನ್ನು 'ಮೇಡಂ' ಎನ್ನಬೇಕಿತ್ತು. ಮನೆಯಲ್ಲಿ ಆ ನಿಯಮ ಇರಲಿಲ್ಲ, ಆದರೂ ಅವನು ರೂಢಿ ತಪ್ಪಿಸಲಿಲ್ಲ. ಅವನ ಎಡಗೈಯ ವಿಚಾರಣೆ ಮುಗಿದು, ಅದು ನಿರ್ದೋಷಿಯೆಂದು ಸಾಬೀತಾಗಿ, ಚಹಾ ಲೋಟ ಹಿಡಿಯುವ ಕೆಲಸಕ್ಕೆ ಮರುನೇಮಕವಾಯಿತು.

ಯಂತ್ರ ಹೇಳಿದ್ದು ಫಲಕಕ್ಕೆ ಕೇಳತೊಡಗಿತು. ಫಲಕ ಹೇಳಿದ್ದರಿಂದ ಯಾವ ಚಿಪ್ಪೂ ಸಾಯಲಿಲ್ಲ. ದೊಡ್ಡ ಸಮಾರಂಭ ಮಾಡಿ ಈ ವ್ಯವಸ್ಥೆಯನ್ನು ಮತ್ತೊಮ್ಮೆ ಉದ್ಘಾಟಿಸಿದರು. ಲೋಪವೇ ಇರಲಿಲ್ಲವೆಂದಲ್ಲ. ಗಂಡ ಹೆಂಡಿರು ಸರಸದಲ್ಲಿದ್ದ ದಿನ ಅವಳು ಒಂದರ ಬದಲು ಸುಮ್ಮನೆ ಎರಡು ಸಲ ಸ್ವಿಚ್ ಒತ್ತಿ, ಯಂತ್ರದ ಮೂಲಕ ಅವನ ಕಡೆಯ ಹಸಿರು ದೀಪವನ್ನು ಎರಡು ಸಲ ಮಿನುಗಿಸುವಳು. ಆಗ ಯಾರಿಗೋ ಒಂದು ಟೋಕನ್ ಹೆಚ್ಚಿಗೆ ಸಿಗುವುದು. ಜನ ಅದನ್ನು ಪುಣ್ಯದ ಟೋಕನ್ ಎಂದು ಕರೆದು, ಅದಕ್ಕಾಗಿಯೇ ಬೆಳಿಗ್ಗೆ ಬೇಗ ಬರತೊಡಗಿದರು. ಮುನಿಸಿನ ದಿನಗಳಲ್ಲಿ ಧ್ವನಿವರ್ಧಕದಲ್ಲಿ ಪ್ರಕಟಣೆ ಹೊರಡುತ್ತಿತ್ತು. 'ಸಾರ್ವಜನಿಕರ ಗಮನಕ್ಕೆ. ವಾಹಕ ದಂಪತಿಗಳು ಬೆಳಿಗ್ಗೆಯಿಂದ ಮಾತು ಬಿಟ್ಟಿರುವ ಕಾರಣ ಇಂದು ಸರತಿ ನಿಧಾನವಾಗಿ ಸಾಗಲಿದೆ. ಹಿರಿಯರು ಯಾರಾದರೂ ಸಭಾಂಗಣದಲ್ಲಿದ್ದರೆ ದಯವಿಟ್ಟು ಪ್ಲೈವುಡ್ ಬಳಿ ಬಂದು ಬುದ್ಧಿ ಹೇಳಬೇಕಾಗಿ ವಿನಂತಿ.' ಹಿರಿಯರು ಬರುತ್ತಿದ್ದರು, ಹೇಳುತ್ತಿದ್ದರು.

ಎರಡು ವರ್ಷದ ಮೇಲೆ ಕೇಂದ್ರ ಕಚೇರಿಯಿಂದ ಒಬ್ಬ ಇಂಜಿನಿಯರ್ ತಪಾಸಣೆಗೆ ಬಂದರು. ಹೊಸಬರು, ಇಸ್ತ್ರಿ ಮಾಡಿದ ಅಂಗಿ. ಹಸಿರು ದೀಪ, ಪ್ಲೈವುಡ್, ಹೊಲಿಗೆ ಯಂತ್ರ ಎಲ್ಲವನ್ನೂ ನೋಡಿ ನಕ್ಕು ನಕ್ಕು ಸುಸ್ತಾದರು. ಆಮೇಲೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದರೊಳಗಿನ ಪುಟ್ಟ ಚಿಪ್ಪೊಂದನ್ನು ಬೆಸುಗೆಗಾರನ ಅಂಗೈ ಮೇಲೆ ಇಟ್ಟರು.

"ನಿಮಗೆ ಗೊತ್ತಿಲ್ಲದ್ದೇನಲ್ಲ. ಹತ್ತು ನಿಮಿಷದ ಕೆಲಸ, ನಾನೇ ಹಾಕಿಕೊಡ್ತೀನಿ. ನೀವಿಬ್ಬರೂ ಸಂಜೆ ಬಸ್ಸಿಗೆ ಊರಿಗೆ ಹೋಗ್ಬಹುದು."

ಬೆಸುಗೆಗಾರ ಚಿಪ್ಪನ್ನು ತಿರುಗಿಸಿ ನೋಡಿದ. ಒಳ್ಳೆಯ ಚಿಪ್. ಎಂಟು ಕಾಲೂ ನೆಟ್ಟಗಿದ್ದವು. ಹಲಗೆಯ ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು, ಅವಳು ಕಿವಿಗೊಟ್ಟು ಕೂತಿದ್ದಳು. ಊರಿನ ಮನೆ ಅವನ ಕಣ್ಣ ಮುಂದೆ ಬಂತು. ಹನ್ನೊಂದು ಜನ, ಎರಡು ಕೋಣೆ, ನಡುಬಾಗಿಲಿಗೆ ಅಡ್ಡಲಾಗಿ ಮಲಗಿ ಯಾರು ಎತ್ತ ಹೋದರೆಂದು ಲೆಕ್ಕವಿಡುವ ದೊಡ್ಡಮ್ಮ. ಇಲ್ಲಿ ಸೋಫಾ ಏನನ್ನೂ ಕೇಳುವುದಿಲ್ಲ.

"ಸಾರ್, ಇದು ಎರಡೂ ಕಡೆಯಿಂದ ಸಪ್ಲೈ ತಗೊಳ್ಳುತ್ತಲ್ವಾ?"

"ಹೌದ್ರೀ. ತಗೊಳ್ಳದೆ ಹೇಗೆ ಕೆಲಸ ಮಾಡುತ್ತೆ?"

"ಹಾಗಾದ್ರೆ ಒಳಗೆ ಬಿಡೋಕಾಗಲ್ಲ ಸಾರ್. ನಡತೆ ನಿಯಮ ಹತ್ತೊಂಬತ್ತು," ಎಂದ ಬೆಸುಗೆಗಾರ, ಚಿಪ್ಪನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಮುಚ್ಚಿ ಕೊಟ್ಟ.

ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು. ಆ ನಾಚಿಕೆ ಸುಮಾರು ಎರಡು ಟೋಕನ್ ದಾಟುವವರೆಗೆ ಇತ್ತು. ಆಮೇಲೆ ಹಲಗೆಯ ಆಚೆ ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. ಹಸಿರು ದೀಪ ಎರಡು ಸಲ ಮಿನುಗಿತು, ಸಭಾಂಗಣದಲ್ಲಿ ಯಾರಿಗೋ ಪುಣ್ಯದ ಟೋಕನ್ ಸಿಕ್ಕಿ ಚಪ್ಪಾಳೆ ಬಿತ್ತು.

ಇಂಜಿನಿಯರ್ ಕಂಗಾಲಾಗಿ ನಿಂತಿದ್ದರು. "ಇದನ್ನ ಯಾರ ಹತ್ರ ಮಾತಾಡ್ಬೇಕು?"

"ನಿರ್ದೇಶಕರ ಹತ್ರ ಸಾರ್. ಅಲ್ಲಿ ಟೋಕನ್ ತಗೊಳ್ಳಿ."

ಇಂಜಿನಿಯರ್ ಟೋಕನ್ ತೆಗೆದುಕೊಂಡರು. ಮುನ್ನೂರ ಹತ್ತೊಂಬತ್ತು. ಗೋಡೆಯ ಮೇಲೆ ನಲವತ್ತೊಂದು ಉರಿಯುತ್ತಿತ್ತು. ಬೆಂಚಿನಲ್ಲಿ ಅವರ ಪಕ್ಕ ಕೂತಿದ್ದ ಹೆಂಗಸೊಬ್ಬರು ಟೋಕನ್ ಇಣುಕಿ ನೋಡಿ ಧೈರ್ಯ ಹೇಳಿದರು.

"ಇವತ್ತು ಗಂಡ ಹೆಂಡತಿ ಚೆನ್ನಾಗಿದ್ದಾರೆ ಕಣಪ್ಪಾ. ನಿಂದು ಬೇಗ ಬರುತ್ತೆ."

"ಬೇಗ ಅಂದ್ರೆ ಯಾವಾಗಮ್ಮಾ?"

"ನಾಳಿದ್ದು."

ಇಂಜಿನಿಯರ್ ಸ್ವಲ್ಪ ಹೊತ್ತು ಬೆಂಕಿಪೊಟ್ಟಣವನ್ನು ಕೈಯಲ್ಲಿ ಆಡಿಸಿದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, ಬೆಂಚಿನ ಮೇಲೆ ಒಂದಿಷ್ಟು ಸರಿದು, ಮುನ್ನೂರ ಇಪ್ಪತ್ತನೆಯವರಿಗೆ ಜಾಗ ಮಾಡಿಕೊಟ್ಟರು.